ಮೆಣಸು ಕೊಳ್ಳಲು ಬಂದ ಚೀನೀಯನಿಗೊಂದು ಹೆಸರು

ದೋಹಾದ ನಮ್ಮ ಕನ್ನಡ ಸಂಘದ ನಾಟಕಕ್ಕೆ ಆರುನೂರು ವರ್ಷ ಹಿಂದಿನ ಚೀನೀ ನಾವಿಕನೊಬ್ಬ ಬೇಕಿತ್ತು ಮಾರಾಯ್ರೆ, ಮಂಗಳೂರಿಗೆ ಮೆಣಸು ಕೊಳ್ಳಲು ಬರುವವ. "ಚಿಂಗ್ ಚಾಂಗ್ ಅಂತ ಇಡು, ಜನ ನಗ್ತಾರೆ" ಅಂದರು ನಿರ್ದೇಶಕ ಶೇಖರಣ್ಣ. ನಾಟಕ ಬರೆದವ ನಾನು, ಒಪ್ಪಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿ "ಲಿನ್ ಜಿಯಾನ್‌ಗುವೊ" ಅಂತ ಬರೆದು, ಇವತ್ತು ಆಫೀಸಿನ ಚೀನೀ ಇಂಜಿನಿಯರ್ ಮೇಡಂಗೆ ತೋರಿಸಿದೆ.

ಅವರಿಗೆ ನಗು ತಡೆಯಲಾಗಲಿಲ್ಲ. "ಇದು ನನ್ನ ಚಿಕ್ಕಪ್ಪನ ಹೆಸರು. ದೇಶ ಕಟ್ಟು ಅಂತ ಅರ್ಥ. 1949ರಲ್ಲಿ, ಹೊಸ ಚೀನಾದ ಜೊತೆ ಹುಟ್ಟಿದವರಿಗೆ ಇಡುತ್ತಿದ್ದದ್ದು. ನಿಮ್ಮ ನಾವಿಕನಿಗೆ ಹೇಗಾಗುತ್ತೆ?"

ಊಟದ ಹೊತ್ತಿನಲ್ಲಿ ಮೇಡಂ ಚೀನಾದ ತಮ್ಮ ಊರಿಗೆ ಫೋನ್ ಮಾಡಿ, ಅಪ್ಪನಿಂದ ಮನೆತನದ ವಂಶಾವಳಿಯನ್ನೇ ತೆರೆಸಿದರು. "ಲಿನ್ ಗುಯಿ. ಆ ಕಾಲದ ನಮ್ಮ ಅಜ್ಜ. ಮೊದಲು ಮನೆತನ, ಆಮೇಲೆ ಹೆಸರು. ತಿರುಗಿಸಬೇಡಿ."

ಸಂಜೆ ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ರಿಹರ್ಸಲ್. ಹೆಸರು ಕೇಳಿ ಶೇಖರಣ್ಣ ಮುಖ ಸಿಂಡರಿಸಿದರು. "ಇದಕ್ಕೆ ಯಾರು ನಗ್ತಾರೆ?"

"ಯಾರೂ ನಗುವುದಿಲ್ಲ. ಮೇಡಂ ತಮ್ಮ ಅಜ್ಜನನ್ನು ನೋಡ್ಲಿಕ್ಕೆ ಮುಂದಿನ ಸಾಲಿನಲ್ಲೇ ಕೂತಿರ್ತಾರೆ."

ಶೇಖರಣ್ಣ ಪೆನ್ನು ತೆಗೆದು ಸ್ಕ್ರಿಪ್ಟಿನಲ್ಲಿ ಹೆಸರು ತಿದ್ದಿ "ಖಲಾಸ್, ಮುಗೀತು, ಅದೇ ಇರಲಿ" ಅಂದರು.

ಈಗ ಆ ಪಾತ್ರ ತಮಗೇ ಬೇಕಂತೆ. ತುಂಬಾ ಗಂಭೀರವಾದ ಪಾತ್ರವಂತೆ.