ಬೈದವರೇ ಬೆಳೆದವರು

ಭಾನುವಾರ, ಬೆಳಗಿನ ಐದೂವರೆ. ಶಹಾಪುರದ ರೈತ ಸಂತೆಯ ಗೇಟಿನಲ್ಲಿ ಮಲ್ಲೇಶ್ವರಿ ಬುಟ್ಟಿಯಿಂದ ಒಂದು ಬೆಂಡೆಕಾಯಿ ಎತ್ತಿಕೊಂಡು ಕೇಳುತ್ತಾರೆ: "ಹುಳ ಬಿದ್ದಿತ್ತೇನ್ರಿ?"

ಅಷ್ಟೇ ಸಾಕು. "ಬಿದ್ದಿತ್ತೇನ ಅಂತ ಕೇಳ್ತೀರಲ್ರಿ! ಅದರ ವಂಶ ಹಾಳಾಗ್ಲಿ, ಅರ್ಧ ಹೊಲ ತಿಂದು ಹೋಗ್ಯಾವ, ಇನ್ನೂ ತಿನ್ನಾಕತ್ತಾವ!" ದೇವಾಪುರದ ಬಸ್ಸಮ್ಮ ಶುರು ಮಾಡಿದರೆ ನಿಲ್ಲಿಸುವವರಾರು? ಮಲ್ಲೇಶ್ವರಿ ನಗುತ್ತ ಬುಟ್ಟಿಯನ್ನು ಒಳಗೆ ಬಿಡುತ್ತಾರೆ.

ಇಲ್ಲಿ ತಾವೇ ಬೆಳೆದದ್ದನ್ನು ಮಾತ್ರ ಮಾರಬೇಕು. ಸಗಟು ಅಂಗಡಿಯಲ್ಲಿ ಕೊಂಡು, ತಲೆಗೆ ರುಮಾಲು ಸುತ್ತಿ ರೈತರಾಗಿಬಿಡುವ ಭೂಪರನ್ನು ತಡೆಯುವುದು ಮಲ್ಲೇಶ್ವರಿಯ ಕೆಲಸ. ಎಂಟು ವರ್ಷವಾಯಿತು. ಅರವತ್ತೆರಡು ಜನರ ಪಹಣಿ ನೋಡುತ್ತಾರೆ, ವಾರಕ್ಕೆ ನಾಲ್ಕು ಹೊಲ ಸುತ್ತುತ್ತಾರೆ. ನಂಬುವುದು ಮಾತ್ರ ಬೈಗುಳವನ್ನು! "ಪಹಣಿ ಯಾರದರ ತರಬಹುದ್ರಿ. ಬೆಳದಾಂವ ಬೈತಾನ, ಕೊಂಡು ತಂದಾಂವ ಹೊಗಳ್ತಾನ," ಎನ್ನುತ್ತಾರೆ.

ಇದೆಂಥ ಪರೀಕ್ಷೆ ಎಂದು ಗೇಟಿನ ಪಕ್ಕ ನಿಂತು ನೋಡುತ್ತಿದ್ದ ನನಗೆ ನಗು ಬಂತು. ಅಷ್ಟರಲ್ಲೇ ಒಬ್ಬಾತ "ಫಸ್ಟ್ ಕ್ಲಾಸ್ ಮಾಲ್ ಮೇಡಂ" ಎಂದ. ಹೊಲಕ್ಕೆ ದಾರಿ ಯಾವುದು ಎಂದು ಮಲ್ಲೇಶ್ವರಿ ಕೇಳಿದರೆ ತಲೆ ಕೆರೆದುಕೊಂಡ. ನಾನು ನಗುವುದನ್ನು ಬಿಟ್ಟೆ.

ಈ ಪರೀಕ್ಷೆಯೂ ಒಮ್ಮೆ ಕೈಕೊಟ್ಟಿದೆ. ದೋರನಹಳ್ಳಿಯ ಎಪ್ಪತ್ತರ ಚನ್ನಯ್ಯ ಬದನೆಕಾಯಿ ತಂದಿದ್ದರು. ಹುಳದ ಮಾತು ತೆಗೆದರೆ, "ಬಂಗಾರದಂಥ ಕಾಯಿ ಆಗ್ಯಾವ" ಎಂದರು. ಮಲ್ಲೇಶ್ವರಿ ವಾಪಸು ಕಳಿಸಿಯೇಬಿಟ್ಟರು. ಎರಡು ಸಲ ವಾಪಸಾದರೆ ಇಲ್ಲಿ ಜಾಗವೇ ಹೋಗುತ್ತದೆ. ಅಜ್ಜ ಬುಟ್ಟಿ ಹೊತ್ತು ನಡೆದರು.

"ಆ ಅಜ್ಜನ ಬಾಡಿದ ಮಾರಿ ನೋಡಿ ನನಗ ಊಟ ಸೇರಲಿಲ್ರಿ. ಮಧ್ಯಾಹ್ನನ ಸ್ಕೂಟಿ ತಗೊಂಡು ಹೋದೆ. ಬದನಿ ಹೊಲ ಕಣ್ಣ ಮುಂದನ ಐತಿ, ಗಿಡಕ್ಕೊಂದು ಹುಳ! ಯಾಕ ಹೇಳಲಿಲ್ಲ ಮುತ್ಯಾ ಅಂದೆ. ಅನ್ನ ಕೊಡೋ ಬೆಳಿನ ಅದರ ಎದುರಿಗೇ ಬೈಬಾರದವ್ವ ಅಂದ. ನನಗ ಅಳುನ ಬಂತು," ಎನ್ನುತ್ತಾರೆ ಮಲ್ಲೇಶ್ವರಿ.

ಮುಂದಿನ ವಾರ ಗೇಟಿನಲ್ಲಿ ಎಲ್ಲರೆದುರು "ತಪ್ಪು ನನ್ನದು" ಎಂದು ಹೇಳಿ, ಅಜ್ಜನ ಬುಟ್ಟಿಯನ್ನು ತಾವೇ ಹೊತ್ತು ಒಳಗಿಟ್ಟರು. "ಈಗ ನಾನ ಹೋಗಿ ಹೊಲ ನೋಡೋತನಕ ಯಾರನ್ನೂ ವಾಪಸ್ ಕಳಸಂಗಿಲ್ರಿ. ಅಂಥ ರೈತನ ಬುಟ್ಟಿ ಹೊತ್ತೀನಲ್ಲ, ಅದು ಸಾಕು ನನಗ."

ಅಷ್ಟರಲ್ಲಿ ಚನ್ನಯ್ಯನವರೇ ಬರುತ್ತಾರೆ. ಬುಟ್ಟಿ ಇಳಿಸಿ, ಅದಕ್ಕೆ ಟವೆಲು ಮುಚ್ಚುತ್ತಾರೆ. ಮಲ್ಲೇಶ್ವರಿ ಕೇಳುವ ಮೊದಲೇ ಕೈಹಿಡಿದು ಹತ್ತು ಹೆಜ್ಜೆ ಆಚೆ ಕರೆದೊಯ್ದು, ಕಿವಿಯ ಹತ್ತಿರ ಬಾಗುತ್ತಾರೆ.

"ಹುಳ ಭಾಳ ಬಿದ್ದಾವವ್ವ. ಮೆಲ್ಲಕ ಮಾತಾಡು, ಕಾಯಿಗೆ ಕೇಳಿಸೀತು."