ಅಜ್ಜಿ ಹೊಲಕ್ಕೆ ದಾರಿ

ಪೀಣ್ಯದ ಪವರ್ ಪ್ರೆಸ್ ಶಾಪಿನಲ್ಲಿ ದುಡಿದವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಸುತ್ತ ಮೆಷಿನ್ನುಗಳು ಧಡ್ ಧಡ್ ಅನ್ನುವಾಗ ಪಕ್ಕದವನಿಗೆ ‘ಸ್ಪ್ಯಾನರ್ ಕೊಡು’ ಅನ್ನಬೇಕಾದರೂ ಹೊಲದಿಂದ ಹಂದಿ ಓಡಿಸುವ ಗಂಟಲು ಬೇಕು. ಚಿಕ್ಕಬಾಣಾವರದ ನಮ್ಮ ಭಾನುವಾರದ ಫುಟ್‌ಬಾಲ್ ಸಂಘಕ್ಕೆ ನಾನು ಅನೌನ್ಸರ್ ಆದದ್ದು ಇದೊಂದೇ ಅರ್ಹತೆಯ ಮೇಲೆ. ಗದಗಿನಿಂದ ಬಂದ ಹೊಸದರಲ್ಲಿ ನನ್ನನ್ನು ಒಮ್ಮೆ ಆಟಕ್ಕೂ ಇಳಿಸಿ ನೋಡಿದ್ದರು. ನಾನು ಬಹಳ ಹುರುಪಿನಿಂದ ನಮ್ಮ ಗೋಲಿಗೇ ಚೆಂಡು ಹೊಡೆದೆ. “ಗುರು, ನೀನು ಹೊರಗ್ ನಿಂತ್ಕೊಂಡು ಕೂಗು, ಅಷ್ಟು ಸಾಕು” ಅಂದರು. ಅಂದಿನಿಂದ ಕೂಗುತ್ತ ಬಂದೆ.

ನಾವು ಆಡುತ್ತಿದ್ದದ್ದು ಅಜ್ಜಿ ಹೊಲದಲ್ಲಿ. ಅಜ್ಜಿ ಅಂದರೆ ನಮ್ಮ ಮನೆ ಓನರ್, ಊರಿನ ಹಳೆಯ ಒಕ್ಕಲು ಮನೆತನದವಳು. ದೊಡ್ಡ ರಸ್ತೆಯ ಬದಿಗೆ ಅವಳ ಮನೆ. ಮನೆಯ ಹಿಂದೆ ಸಾಲಾಗಿ ಶೀಟು ಹೊದಿಸಿದ ಬಾಡಿಗೆ ರೂಮುಗಳು, ಅದರಲ್ಲೊಂದು ನನ್ನದೂ ನನ್ನ ರೂಮ್‌ಮೇಟ್‌ನದೂ. ಹೊಲ ಮಾತ್ರ ಅಲ್ಲಿಂದ ದೂರ, ನಾಲ್ಕಾರು ತಿರುವು ದಾಟಿ, ರೈಲು ಹಳಿಯ ಮಗ್ಗುಲಿಗೆ. ಮಕ್ಕಳು ಉಳಿದ ಜಮೀನನ್ನೆಲ್ಲ ಸೈಟು ಮಾಡಿ ಮಾರಿದ್ದರು. ಇದೊಂದಕ್ಕೆ ಅಜ್ಜಿ ಹೆಬ್ಬೆಟ್ಟು ಒತ್ತಿರಲಿಲ್ಲ. ಬಿತ್ತುವುದು ನಿಂತ ಮೇಲೆ ಹುಡುಗರು ಆಡಿಕೊಳ್ಳಲಿ ಅಂತ ಬಿಟ್ಟಿದ್ದಳು. ಆಟೋದವರಿಗೆ, ಹಾಲಿನವರಿಗೆ, ಬೀಟ್ ಪೊಲೀಸರಿಗೆ, ಎಲ್ಲರಿಗೂ ಅದು ಅಜ್ಜಿ ಹೊಲ.

ಭಾನುವಾರ ಅಜ್ಜಿ ಎಲ್ಲರಿಗಿಂತ ಮೊದಲೇ ಬಂದು ಹೊಂಗೆ ಮರದ ಕೆಳಗೆ ಕೂರುತ್ತಿದ್ದಳು. ಆಟದ ನಿಯಮ ಅವಳಿಗೆ ಬೇಕಾಗಿರಲಿಲ್ಲ. ಅವಳ ಪ್ರಕಾರ ಇಡೀ ಮೈದಾನದಲ್ಲಿ ಬುದ್ಧಿ ಇರುವವನು ಗೋಲ್‌ಕೀಪರ್ ಒಬ್ಬನೇ, ದೇವರು ಕೊಟ್ಟ ಕೈ ಬಳಸುತ್ತಾನೆ. ಉಳಿದವರನ್ನು ನಮ್ಮವರು ಎದುರಿನವರು ಅನ್ನದೆ ಬೈಯುತ್ತಿದ್ದಳು. “ಒದೀಲಾ! ಅದೇನ್ ನಿಮ್ಮತ್ತೆ ಮನೆ ಮಡಕೇನಾ, ಅಂಗ್ ಸವರ್ತೀಯಾ?” ಈ ಬೈಗುಳಕ್ಕೆ ನನ್ನ ರೂಮ್‌ಮೇಟ್‌ನ ಹಲಗೆ ಜೊತೆಯಾಗುತ್ತಿತ್ತು. ಅವನು ಬಾಗಲಕೋಟೆ ಕಡೆಯವನು, ಕಟ್ಟಡದಲ್ಲಿ ಕಂಬಿ ಕಟ್ಟುವ ಕೆಲಸ. ಭಾನುವಾರ ಹಲಗೆ ಬಾರಿಸದಿದ್ದರೆ ಸೋಮವಾರ ಜ್ವರ ಬರುತ್ತದೆ ಅನ್ನುತ್ತಿದ್ದ. ಸದ್ದು ಸ್ಟೇಷನ್ ತನಕ ಕೇಳುತ್ತಿತ್ತು. ಅಲ್ಲಿ ರೈಲಿಗೆ ಕಾದವರು ಇತ್ತ ಬಂದು, ಆಟ ನೋಡುತ್ತ ರೈಲು ತಪ್ಪಿಸಿಕೊಂಡು, ನಮ್ಮನ್ನು ಬೈದುಕೊಂಡು ಹೋದದ್ದುಂಟು.

ತಕರಾರು ಶುರುವಾದದ್ದು ಬಲೆಯಿಂದ. ನಮ್ಮ ಗೋಲು ಅಂದರೆ ಎರಡು ಸರ್ವೆ ಮರದ ಕಂಬ, ಅಷ್ಟೇ. ಚೆಂಡು ಕಂಬದ ಒಳಗಿನಿಂದ ಹೋಯಿತೋ ಹೊರಗಿನಿಂದಲೋ ಎಂದು ಜಗಳ ಹತ್ತಿ, ಆಟಕ್ಕಿಂತ ಜಗಳವೇ ಹೆಚ್ಚು ಹೊತ್ತು ನಡೆಯುತ್ತಿತ್ತು. ಆಗ ಸಂಘದ ಸೆಕ್ರೆಟರಿ ಒಬ್ಬ ಸ್ಪಾನ್ಸರನ್ನು ಹಿಡಿದು ತಂದ. ಈ ಸೆಕ್ರೆಟರಿ ಅಜ್ಜಿಯ ಸ್ವಂತ ಮೊಮ್ಮಗ. ಬ್ರೂಕ್‌ಫೀಲ್ಡಿನ ಸಾಫ್ಟ್‌ವೇರ್ ಜನರನ್ನು ಕ್ಯಾಬಿನಲ್ಲಿ ಸಾಗಿಸುತ್ತ, ಅವರ ಬಾಯಿಂದ ಫಾರಿನ್ ಫುಟ್‌ಬಾಲ್ ಕಲಿತವನು. ಸ್ಪಾನ್ಸರ್ ತುಮಕೂರು ರಸ್ತೆಯಲ್ಲಿ ಟೈಲ್ಸ್ ಮತ್ತು ಸ್ಯಾನಿಟರಿ ಅಂಗಡಿ ಇಟ್ಟಿದ್ದ ಸಾಹುಕಾರರು. ಬಲೆ, ಚೆಂಡು, ಮೈಕ್ ಸೆಟ್ಟು, ಪ್ಲಾಸ್ಟಿಕ್ ಕುರ್ಚಿ ಎಲ್ಲ ಅವರದು. ಬದಲಿಗೆ ಮೈದಾನಕ್ಕೆ ಅವರ ಅಂಗಡಿಯ ಹೆಸರು, ಹೊಲದೊಳಗೆ ಅದರ ಬೋರ್ಡು.

ಟೀ ಅಂಗಡಿಯ ಮುಂದೆ ಚರ್ಚೆ ಕಾವೇರಿತು.

“ಫಾರಿನ್ನಲ್ಲಿ ವಿಮಾನದ ಕಂಪನಿ ಹೆಸ್ರೇ ಸ್ಟೇಡಿಯಂಗೆ ಇಡ್ತಾರೆ ಮಗಾ. ದುಡ್ಡಿಲ್ದೆ ಗೇಮ್ ಬೆಳೆಯಲ್ಲ,” ಅಂದ ಸೆಕ್ರೆಟರಿ.

“ಅವರದು ವಿಮಾನ, ಹಾರತೈತಿ. ನಿಮ್ಮ ಸಾಹುಕಾರ್ರದು ಏನ್ ಹಾರತೈತೋ, ಕಮೋಡಾ?” ಅಂದೆ ನಾನು.

“ಹೆಸರು ಏನರ ಇಡ್ರಿ, ನನ್ನ ಹಲಗಿ ತಂಟೆಕ ಬರಬ್ಯಾಡ್ರಿ,” ಅಂದ ರೂಮ್‌ಮೇಟ್.

ಸೆಕ್ರೆಟರಿ ಟೀ ಗ್ಲಾಸಿನೊಳಗೆ ನೋಡಿದ. ಸಾಹುಕಾರರು ಹಲಗೆಯ ತಂಟೆಗೂ ಬಂದಿದ್ದರು. “ಅಪಾರ್ಟ್‌ಮೆಂಟಿಂದ ಫ್ಯಾಮಿಲಿಗಳು ಬರ್ತಾರಂತೆ. ಸ್ವಲ್ಪ ಡೀಸೆಂಟಾಗಿರ್ಲಿ ಅಂದವ್ರೆ. ಕುರ್ಚಿ ಹಾಕುದ್ರೆ ಅಟ್ಮಾಸ್ಫಿಯರೇ ಬೇರೆ ಇರುತ್ತೆ ಕಣೋ.”

“ಗದ್ದಲಾ ಮಾಡಾಕ ಕುರ್ಚಿ ಯಾಕ ಬೇಕಲೇ?” ಅಂದೆ ನಾನು.

ಕೈ ಎತ್ತಿಸಿದರು, ಬಲೆ ಗೆದ್ದಿತು. ವಾದದಲ್ಲಿ ಸೋತ ನನ್ನ ಕೈಗೇ ಹೊಸ ಮೈಕ್ ಕೊಟ್ಟು, ಹೆಸರನ್ನು ಪ್ರತಿ ಸಲವೂ ಪೂರ್ತಿ ಹೇಳಬೇಕೆಂದು ಷರತ್ತು ಹಾಕಿದರು. ಆ ಹೆಸರಿನಲ್ಲಿ ಸಾಹುಕಾರರ ಮನೆದೇವರಿದ್ದ, ಅವರ ತಂದೆ ಇದ್ದರು, ಟೈಲ್ಸ್ ಇತ್ತು, ಸ್ಯಾನಿಟರಿ ಇತ್ತು, ಅಂಡ್ ಸನ್ಸ್ ಇತ್ತು, ಎಲ್ಲರ ಹಿಂದೆ ಏದುಸಿರು ಬಿಡುತ್ತ ‘ಕ್ರೀಡಾಂಗಣ’ ಬರುತ್ತಿತ್ತು.

ಅಜ್ಜಿಗೆ ಹೇಳುವ ಧೈರ್ಯ ಮೊಮ್ಮಗನಿಗೆ ಇರಲಿಲ್ಲ. ಆ ಕೆಲಸವೂ ನನ್ನ ಗಂಟಲಿಗೇ ಬಿತ್ತು. ಅಜ್ಜಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

“ನೆಟ್ ಕೊಟ್ರೆ ಇಸ್ಕಳ್ಳಿ. ಎಸ್ರು ಯಾಕ್ಲಾ ತೆಗೀಬೇಕು?” ಅಂದಳು. ಇನ್ನೊಂದು ಕಾಯಿ ಸುಲಿದು ಮತ್ತೆ ಹೇಳಿದಳು: “ಉಣಸೆಮರದ ಒಲ ಅಂತ ಇನ್ನೊಂದಿತ್ತು ನಮ್ದು. ನನ್ ಮಕ್ಳು ಮಾರಿ ಅದ್ಯಾವ್ದೋ ನಗರ ಅಂತ ಎಸ್ರಿಕ್ಕುದ್ರು. ಓದ್ ವರ್ಸ ಒಂದ್ಸಲ ನೋಡ್ಕಂಬರಾನ ಅಂತ ಓದೆ. ದಾರೀನೇ ಸಿಗ್ಲಿಲ್ಲ ಕಣ್ಲಾ. ಉಣಸೆಮರದ ಒಲ ಎಲ್ಲಿ ಅಂದ್ರೆ ಒಬ್ಬರ್ಗೂ ಗೊತ್ತಿಲ್ಲ. ಮದ್ವೆಯಾಗ್ ಬಂದಾಗ್ಲಿಂದ ಕಳೆ ಕಿತ್ತಿದ್ ಒಲ, ಅದ್ರಾಗೇ ನಾನ್ ತಪ್ಪಿಸ್ಕಂಡೆ. ಯಾರೋ ಪುಣ್ಯಾತ್ಮ್ರು ಆಟೋ ಅತ್ತಿಸಿ ಮನೆಗ್ ಕಳ್ಸುದ್ರು.”

ಇಷ್ಟು ಗಟ್ಟಿ ಮುದುಕಿ ರಸ್ತೆಯಲ್ಲಿ ನಿಂತು ಕಂಡಕಂಡವರನ್ನು ಕೇಳಿದ್ದನ್ನು ನೆನೆಯಲಾಗಲಿಲ್ಲ.

“ಇದ್ರೆಸ್ರು ಓದ್ರೆ ಇದೂ ಓಯ್ತದೆ. ನಾನಂತೂ ಇನ್ಮೇಕೆ ಬರಾಕಿಲ್ಲ,” ಅಂದು ಅವರೆಕಾಯಿಗೆ ಮರಳಿದಳು.

ಸಾಹುಕಾರರ ದುಡ್ಡಿನಲ್ಲಿ, ಹೊಸ ಹೆಸರಿನಲ್ಲಿ ಟೂರ್ನಮೆಂಟು ಶುರುವಾಯಿತು. ನಾನು ‘ನಮಸ್ಕಾರ, ಇದು ಶ್ರೀ…’ ಎಂದು ಹೊರಟು ಕ್ರೀಡಾಂಗಣ ತಲುಪುವಷ್ಟರಲ್ಲಿ ಒಂದು ಗೋಲು ಆಗಿಹೋಗಿರುತ್ತಿತ್ತು. ಯಾರು ಹೊಡೆದರೆಂದು ನಾನೇ ಪಕ್ಕದವರನ್ನು ಕೇಳಬೇಕಿತ್ತು. ಪಂದ್ಯಪುರುಷನಿಗೆ ಬಹುಮಾನ ಒಂದು ವಾಶ್ ಬೇಸಿನ್. ಮೊದಲ ಸಲ ಗೆದ್ದವನ ರೂಮಿಗೆ ನಲ್ಲಿಯೇ ಇರಲಿಲ್ಲ. ಅವನು ಅದರಲ್ಲಿ ಈರುಳ್ಳಿ ತುಂಬಿಟ್ಟ.

ಆದರೆ ಗದ್ದಲ ಸತ್ತುಹೋಯಿತು. ಆಗ ನನಗೊಂದು ಸತ್ಯ ಹೊಳೆಯಿತು: ಕುರ್ಚಿಯ ಮೇಲೆ ಕೂತ ಮನುಷ್ಯ ಕೂಗುವುದಿಲ್ಲ, ಕಾಲ ಮೇಲೆ ಕಾಲು ಹಾಕಿ ಅಭಿಪ್ರಾಯ ಹೇಳುತ್ತಾನೆ. ಅಪಾರ್ಟ್‌ಮೆಂಟಿನ ಫ್ಯಾಮಿಲಿಗಳು ಬರಲೇ ಇಲ್ಲ. ರೂಮ್‌ಮೇಟ್ ಹಲಗೆಯನ್ನು ಚೀಲದಲ್ಲಿಟ್ಟು, ತೊಡೆಯ ಮೇಲೆ ಬೆರಳು ಬಡಿಯುತ್ತ, ಸಾವಿನ ಮನೆಗೆ ಬಂದವನ ಹಾಗೆ ಕೂತಿರುತ್ತಿದ್ದ. ಬೈಯುವವರಿಲ್ಲದೆ ನಮ್ಮ ಫಾರ್ವರ್ಡ್‌ಗೆ ಓಡುವ ಮನಸ್ಸೇ ಬರುತ್ತಿರಲಿಲ್ಲ. ನಾನು ನೋಡುತ್ತಿದ್ದದ್ದು ಹೊಂಗೆ ಮರದ ಕೆಳಗಿನ ಖಾಲಿ ಜಾಗವನ್ನು.

ಫೈನಲ್ಲಿಗೆ ದೊಡ್ಡನೆಕ್ಕುಂದಿಯ ತಂಡ ಬರಬೇಕಿತ್ತು. ಆಟದ ಹೊತ್ತಾಯಿತು, ತಂಡದ ಸುಳಿವಿಲ್ಲ. ಕಡೆಗೆ ಸೆಕ್ರೆಟರಿಗೆ ಫೋನು ಬಂತು. ಅವರ ಟೆಂಪೋ ಡ್ರೈವರ್ ಪಾಂಪ್ಲೆಟ್ಟಿನಲ್ಲಿದ್ದ ಹೆಸರನ್ನು ತುಮಕೂರು ರಸ್ತೆಯಲ್ಲಿ ಕೇಳಿದ್ದಾನೆ. ಜನ ನೆಟ್ಟಗೆ ಟೈಲ್ಸ್ ಅಂಗಡಿಗೆ ಕೈ ತೋರಿಸಿದ್ದಾರೆ. ಅಷ್ಟೂ ಆಟಗಾರರು ಮುಳ್ಳಿನ ಬೂಟು ಹಾಕಿಕೊಂಡು ಕನ್ನಡಿಯಂಥ ಟೈಲ್ಸಿನ ಮೇಲೆ ಜಾರುತ್ತ, ಒಬ್ಬರನ್ನೊಬ್ಬರು ಹಿಡಿದುಕೊಂಡು ಒಳಗೆ ಹೋಗಿದ್ದಾರೆ. ಸೇಲ್ಸ್‌ಮನ್ ಒಂದೇ ಬಣ್ಣದ ಬಟ್ಟೆ ನೋಡಿ, “ಲೋಡಿಂಗ್ ಹುಡುಗ್ರಾ? ಹಿಂದ್ಗಡೆ ಹೋಗಿ, ಲಾರಿ ಬಂದಿದೆ” ಅಂದನಂತೆ. ಇದೂ ಟೂರ್ನಮೆಂಟಿನ ನಿಯಮವೇನೋ ಎಂದು ಇಬ್ಬರು ಒಂದೆರಡು ಪೆಟ್ಟಿಗೆ ಇಳಿಸಿಯೂ ಇದ್ದರಂತೆ.

ಸೆಕ್ರೆಟರಿ ಸುತ್ತ ನೋಡಿ, ಫೋನಿಗೆ ಕೈ ಅಡ್ಡ ಹಿಡಿದು, “ಅಣ್ಣ, ಅಜ್ಜಿ ಹೊಲ ಅಂತ ಕೇಳ್ಕೊಂಡ್ ಬಂದ್ಬಿಡಿ” ಅಂದ. ನಾನು ಕೇಳಿಸಿಕೊಂಡೆ. ಬಹಳ ಚೆನ್ನಾಗಿ ಕೇಳಿಸಿಕೊಂಡೆ.

ತಂಡ ಸಲೀಸಾಗಿ ಬಂದಿಳಿಯಿತು. ಈಗ ಬರದೆ ಉಳಿದವರು ಮುಖ್ಯ ಅತಿಥಿ, ಟೈಲ್ಸ್ ಸಾಹುಕಾರರು. ಎಲ್ಲವನ್ನೂ ಫೋನಿನಲ್ಲೇ ಮುಗಿಸಿದ್ದ ಅವರು ಮೈದಾನವನ್ನು ಕಣ್ಣಿಂದ ಕಂಡಿರಲಿಲ್ಲ. ಸೆಕ್ರೆಟರಿ ದಾರಿ ಹೇಳಲು ಫೋನು ಮಾಡಿದರೆ, “ನನ್ ಹೆಸ್ರಿನ್ ಗ್ರೌಂಡು ನಂಗೆ ಗೊತ್ತಾಗಲ್ವೇನಯ್ಯಾ, ಯಾರನ್ನಾದ್ರೂ ಕೇಳ್ಕೊಂಡ್ ಬರ್ತೀನಿ” ಎಂದು ಇಟ್ಟುಬಿಟ್ಟಿದ್ದರು. ಹಲಗೆ ಬಾರಿಸುತ್ತಿದ್ದರೆ ಆ ಸದ್ದು ಹಿಡಿದಾದರೂ ಬರುತ್ತಿದ್ದರು. ಹುಡುಕಲು ನನ್ನನ್ನು ಸೈಕಲ್ ಹತ್ತಿಸಿ ಕಳಿಸಿದರು.

ದೊಡ್ಡ ರಸ್ತೆಗೆ ಬಂದರೆ ನಮ್ಮ ಅಜ್ಜಿಯ ಜಗಲಿಯ ಮುಂದೆಯೇ ಕಾರು ನಿಂತಿತ್ತು. ಬಿಳಿ ಬಟ್ಟೆ ಬೆವರಿನಲ್ಲಿ ಬೆನ್ನಿಗಂಟಿಸಿಕೊಂಡು ಸಾಹುಕಾರರು ಅಜ್ಜಿಯ ಎದುರಿಗೆ ನಿಂತಿದ್ದರು. ಹೆಸರನ್ನು ಪೂರ್ತಿ ಹೇಳಿ ಮುಗಿಸಿ, ಎಲ್ಲಿದೆ ಎಂದು ಕೇಳಿದರು.

“ಅಷ್ಟುದ್ದದ್ದು ನಮ್ಮೂರಾಗ್ ಯಾವ್ದೂ ಇಲ್ಲ ಕಣಪ್ಪ,” ಅಂದಳು ಅಜ್ಜಿ.

“ನನ್ ಹೆಸ್ರಿಂದೇ ಅಜ್ಜಿ ಅದು. ಹಳಿ ಆಚೆ ಹೋದೆ, ಈಚೆ ಬಂದೆ. ಯಾರನ್ ಕೇಳಿದ್ರೂ ಗೊತ್ತಿಲ್ಲ ಅಂತಾರೆ.” ಅವರ ದನಿ ಅಳುವ ಹಾಗಿತ್ತು.

ನಾನು ಸೈಕಲ್ ನಿಲ್ಲಿಸಿ, ಈಗ ಅಜ್ಜಿ ಜಾಡಿಸುತ್ತಾಳೆ ಎಂದು ಖುಷಿಯಿಂದ ಕಾದೆ. ತಿಂಗಳುಗಟ್ಟಲೆ ಬೈಯದೆ ಕೂಡಿಟ್ಟದ್ದೆಲ್ಲ ಒಟ್ಟಿಗೆ ಬರುತ್ತದೆ ಎಂದುಕೊಂಡೆ. ಅಜ್ಜಿ ಮೊರ ಪಕ್ಕಕ್ಕಿಟ್ಟು ಅವರ ಮುಖ ನೋಡಿದಳು.

“ನಿನ್ ಎಸ್ರಿಂದೇ, ನಿಂಗೇ ಸಿಗ್ಲಿಲ್ವಾ?”

“ಇಲ್ಲ ಅಜ್ಜಿ.”

“ಬಾ ಮಗ. ದಾರಿ ತಪ್ಪುದ್ರೆ ಏನ್ ಸಂಕ್ಟ ಆಯ್ತದೆ ಅಂತ ನಂಗೊತ್ತು,” ಅಂದು ಎದ್ದಳು.

ಕಾರು ಹತ್ತಲು ಒಪ್ಪಲಿಲ್ಲ. ಅಜ್ಜಿ ಮುಂದೆ, ಸಾಹುಕಾರರು ಹಿಂದೆ, ನಾನು ಸೈಕಲ್ ತಳ್ಳಿಕೊಂಡು, ನಮ್ಮ ಹಿಂದೆ ಖಾಲಿ ಕಾರು. ಅರ್ಧ ದಾರಿಯಲ್ಲಿ ಸಾಹುಕಾರರು ಮೆಲ್ಲಗೆ ನನ್ನನ್ನು ಕೇಳಿದರು: “ಆ ಜಾಗಕ್ಕೆ ಮೊದ್ಲು ಏನಂತಿದ್ರಪ್ಪಾ?”

“ಅಜ್ಜಿ ಹೊಲ ಸಾರ್.”

“ಯಾವ ಅಜ್ಜಿ?”

ನಾನು ಮುಂದೆ ಹೋಗುತ್ತಿದ್ದವಳ ಕಡೆ ಬೆರಳು ತೋರಿಸಿದೆ.

ಆಟ ಆಗಲೇ ಶುರುವಾಗಿತ್ತು. ಅಜ್ಜಿ ಮೈದಾನಕ್ಕೆ ಕಾಲಿಟ್ಟದ್ದನ್ನು ಕಂಡ ರೂಮ್‌ಮೇಟ್ ಯಾರ ಅಪ್ಪಣೆಗೂ ಕಾಯದೆ ಚೀಲದಿಂದ ಹಲಗೆ ಎಳೆದ. ಜನ ಕುರ್ಚಿ ಬಿಟ್ಟೆದ್ದರು. ಹೊಂಗೆ ಮರ ಮುಟ್ಟುವ ಮೊದಲೇ ಅಜ್ಜಿ ನಮ್ಮ ಫಾರ್ವರ್ಡ್‌ನ ವಂಶಾವಳಿಗೆ ಕೈ ಹಾಕಿದ್ದಳು, ಅವನು ಬಾಣದ ಹಾಗೆ ಓಡಿದ. ಆದರೂ ನಾವು ಸೋತೆವು. ಬಲೆ ಇದ್ದದ್ದರಿಂದ ಅದರಲ್ಲಿ ತಕರಾರಿಗೂ ಜಾಗ ಇರಲಿಲ್ಲ.

ಬಹುಮಾನ ಕೊಟ್ಟ ಮೇಲೆ ಸಾಹುಕಾರರು ಮೈಕ್ ಇಸಿದುಕೊಂಡರು. “ನೆಟ್ಟು, ಕುರ್ಚಿ ನಿಮ್ಗೇ ಇರ್ಲಿ. ಆ ಬೋರ್ಡ್ ಮಾತ್ರ ತಿರುಗಿಸಿ ಬೇರೆ ಬರೆಸಿ. ನನ್ ಹೆಸ್ರು ಅಂಗ್ಡಿ ಮೇಲಿದ್ರೆ ಸಾಕು,” ಅಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಸೆಕ್ರೆಟರಿ.

ಮುಂದಿನ ಭಾನುವಾರ ಬೋರ್ಡಿನ ಬೆನ್ನಿನ ಮೇಲೆ ಹೊಸ ಬಣ್ಣ ಇನ್ನೂ ಹಸಿಯಾಗಿತ್ತು. ಅಕ್ಷರ ಬಾರದ ಅಜ್ಜಿ ಅದರ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದಳು.

“ಏನ್ ಬರ್ದವ್ರೆ, ಓದ್ಲಾ.”

“ಅಜ್ಜಿ ಹೊಲ.”

“ಮೈಕ್ನಾಗೆ ಓದು.”

ಮೈಕ್ ಹಾಕಿ ಓದಿದೆ. ಅಜ್ಜಿ ತಲೆಯಾಡಿಸಿದಳು, ಸಾಲದು ಎನ್ನುವಂತೆ. ಹಳಿಯಾಚೆ ಸಾಲು ಸಾಲು ಮನೆಗಳು ಎದ್ದಿದ್ದ ಕಡೆಗೆ ಕೈ ಮಾಡಿ ಹೇಳಿದಳು: “ಗಟ್ಟಿಯಾಗ್ ಓದು. ಉಣಸೆಮರದ ಒಲಕ್ಕೂ ಕೇಳ್ಲಿ.”

ನಾನು ಸ್ಪೀಕರನ್ನು ಆ ಕಡೆಗೆ ತಿರುಗಿಸಿಟ್ಟು, ಪ್ರೆಸ್ ಶಾಪಿನ ಗಂಟಲನ್ನೆಲ್ಲ ಬಿಟ್ಟು ಕೂಗಿದೆ.