ಇಲಿಯ ತಲೆಯ ಉರಿ, ಅಕ್ಕನ ಹೊಟ್ಟೆಯ ಉರಿ

ಬೆಳಕು ಹರಿಯುವ ಮೊದಲೇ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಸೂಜಿಯಕ್ಕ ಇಲಿಯ ಜೊತೆ ಮಾತಾಡುತ್ತಿದ್ದಾರೆ. "ಬಾರೋ ರಾಜಾ, ಹೆದರ್ಬೇಡ, ಒಂದ್ನಿಮಿಷದ ಕೆಲಸ." ಪಂಜರದಿಂದ ಹೊರಬಂದ ಬಿಳಿ ಇಲಿ ಅವರ ಮೊಣಕೈ ಸಂದಿಗೆ ಮೂತಿ ತೂರಿಸಿ ಸುಮ್ಮನಾಗುತ್ತದೆ. ಅಕ್ಕನ ಬೆರಳಲ್ಲಿ ವಿಕಿರಣ ಅಳೆಯುವ ಪ್ಲಾಸ್ಟಿಕ್ ಉಂಗುರವಿದೆ. ಮದುವೆಯ ಉಂಗುರ ಮನೆಯಲ್ಲಿ ಸಕ್ಕರೆ ಡಬ್ಬಿಯ ಹಿಂದೆ ಭದ್ರವಾಗಿದೆಯಂತೆ.

ಮರೆವಿನ ಕಾಯಿಲೆಗೆ ಮದ್ದು ಹುಡುಕುವ ಜಾಗ ಇದು. ಇಲ್ಲಿನ ಇಲಿಗಳ ಮಿದುಳಿನಲ್ಲಿ ಉರಿಯೂತವಿದೆ. ಅದು ಎಲ್ಲಿದೆ, ಮದ್ದಿಗೆ ಇಳಿಯಿತೇ ಎಂದು ತಿಳಿಯಲು ವಿಕಿರಣ ಸೂಸುವ ದ್ರವವನ್ನು ಬಾಲದ ನರಕ್ಕೆ ಕೊಡುತ್ತಾರೆ. ಅದು ರಕ್ತದಲ್ಲಿ ಹರಿದು ಉರಿಯೂತ ಇರುವಲ್ಲಿ ಅಂಟಿಕೊಳ್ಳುತ್ತದೆ, ಸ್ಕ್ಯಾನಿನಲ್ಲಿ ಆ ಜಾಗ ಹೊಳೆಯುತ್ತದೆ. ಸೀಸದ ಡಬ್ಬಿಯಲ್ಲಿ ಬರುವ ಈ ದ್ರವದ ಕಸುವು ಎರಡು ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಇಲ್ಲಿ ಯಾರೂ ನಿಧಾನವಾಗಿ ನಡೆಯುವುದಿಲ್ಲ.

ಎಲ್ಲವೂ ನಿಂತಿರುವುದು ದಾರದಷ್ಟು ಸಣ್ಣ ಆ ನರದ ಮೇಲೆ. ಸೂಜಿ ತಪ್ಪಿದರೆ ದ್ರವ ಬಾಲದ ಚರ್ಮದಡಿಯೇ ಉಳಿಯುತ್ತದೆ. ಪರದೆಯ ಮೇಲೆ ಮಿದುಳು ಕತ್ತಲು, ಬಾಲ ಝಗಝಗ. "ಬಾಲ ನೋಡ್ಕೊಂಡು ಮರೆವಿಗೆ ಮದ್ದು ಕಂಡುಹಿಡೀತಾರಾ?" ಎಂದು ಅಕ್ಕ ನಗುತ್ತಾರೆ. ಪಂಜರ ತೊಳೆಯಲು ಬಂದು, ನೋಡಿ ನೋಡಿಯೇ ಸೂಜಿ ಹಿಡಿಯಲು ಕಲಿತವರು ಅವರು. ವಿಜ್ಞಾನಿಗಳ ಲೇಖನಗಳಲ್ಲಿ ಅವರ ಹೆಸರಿಲ್ಲ, ಅವರು ಚುಚ್ಚಿದ ಇಲಿಗಳ ಚಿತ್ರಗಳಿವೆ.

ಈ ಅಂಕಣಕ್ಕೆಂದು ನಾವು ಹುಡುಕಿಕೊಂಡು ಹೋದದ್ದು ಒಂದು ಎಲೆಮರೆಯ ಕಾಯಿಯನ್ನು. ಆದರೆ ಆ ಎಲೆಯ ಹಿಂದೆ ಇನ್ನೊಂದು ಕಾಯಿಯಿದೆ, ಅಕ್ಕನಿಗೆ ಅದೇ ಸಂಕಟ. ಅದು ಅವರ ಓರಗಿತ್ತಿ, ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಒಲೆ, ಈಗ ಒಂದೇ ಪ್ರಯೋಗಾಲಯ. "ಕೆಲಸ ಕೊಡಿಸಿದ್ದೂ ನಾನೇ. ಮನೇಲಿ ಅತ್ತೆಗೆ ಅವಳ ಕೈರುಚಿನೇ ಆಗ್ಬೇಕು. ಇಲ್ಲಿ ಡಾಕ್ಟರಿಗೆ ಅವಳ ಕಸೂತಿ ಹಾಕೋ ಕೈಚಳಕ. ನನ್ ಕೈ ಏನು ಬಿದ್ದೋಗಿತ್ತಾ?" ಮಿದುಳಿನ ಉರಿಗೆ ಸ್ಕ್ಯಾನ್ ಇದೆ, ಹೊಟ್ಟೆಯ ಉರಿಗೆ ಇದ್ದಿದ್ದರೆ ಅಕ್ಕ ಯಂತ್ರದಲ್ಲಿ ಸೂರ್ಯನಂತೆ ಕಾಣುತ್ತಿದ್ದರು. ಈ ಮಾತು ಅವರದೇ, ನಮ್ಮದಲ್ಲ.

ಇಂದು ಆ ಉರಿಗೆ ಕಾರಣ ದೊಡ್ಡದೇ. ಮುಂದೆ ಸೂಜಿ ಹಿಡಿಯುವವರು ಒಬ್ಬರೇ, ಇನ್ನೊಬ್ಬರು ಪಂಜರ ತೊಳೆಯಬೇಕು. ಅಕ್ಕನ ಕಣ್ಣು ಮಂಜಾಗುತ್ತಿದೆ ಎಂದು ಪ್ರಯೋಗ ನಡೆಸುವ ಡಾಕ್ಟರು ಇವತ್ತಿನ ಇಲಿಯನ್ನು ಓರಗಿತ್ತಿಗೆ ಕೊಟ್ಟಿದ್ದಾರೆ. ಕಳೆದ ಸಲ ಆಕೆಯ ಸೂಜಿ ತಪ್ಪಿ ಬಾಲವೇ ಹೊಳೆದಿತ್ತು. ಇವತ್ತೂ ತಪ್ಪಿದರೆ ಸೂಜಿ ಹಿಡಿಯುವ ಕುರ್ಚಿ ಅಕ್ಕನಿಗೇ.

ತಪ್ಪುವುದೇಕೆಂದು ಅಕ್ಕನಿಗೆ ಗೊತ್ತು. ಅವರು ಸೂಜಿಗೆ ಮೊದಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬಾಲಕ್ಕೆ ಸುತ್ತುತ್ತಾರೆ, ಶಾಖಕ್ಕೆ ನರ ಉಬ್ಬುತ್ತದೆ. "ಅವಳು ಅದನ್ನ ಬಾಲ ಒರೆಸೋದು ಅಂದ್ಕೊಂಡಿದಾಳೆ. ತಣ್ಣನೆ ಸ್ಪಿರಿಟ್ ಹಾಕಿ ಒರೆಸ್ತಾಳೆ, ನರ ಒಳಗೋಗ್ಬಿಡತ್ತೆ. ನಾನೂ ತಿದ್ದೋಕೆ ಹೋಗ್ಲಿಲ್ಲ."

ಅರಿವಳಿಕೆಯಲ್ಲಿ ಇಲಿ ಮಲಗಿದೆ. ಓರಗಿತ್ತಿ ಸ್ಪಿರಿಟ್ಟಿನಿಂದ ಬಾಲ ಒರೆಸಿ ಚುಚ್ಚುತ್ತಾಳೆ. ನರ ಸಿಗುವುದಿಲ್ಲ. ದ್ರವ ಬಿಡದೆ ಸೂಜಿ ಹೊರಗೆಳೆದು ಮತ್ತೆ ಚುಚ್ಚುತ್ತಾಳೆ. ಇಲ್ಲ. ಬಾಲದ ಮೇಲೆ ರಕ್ತದ ಎರಡು ಚುಕ್ಕೆ. ಅಕ್ಕ ಗೋಡೆಗೊರಗಿ ನಿಂತಿದ್ದಾರೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕುರ್ಚಿ ಉಳಿಯುತ್ತದೆ. ಮೂರನೇ ಸಲ ಸೂಜಿ ಹತ್ತಿರ ಹೋಗುತ್ತಿದ್ದಂತೆ ಅಕ್ಕ ಹಾರಿ ಬಂದು ಕೈ ಹಿಡಿಯುತ್ತಾರೆ.

"ನಿಲ್ಸೇ. ಬಾಲ ತಣ್ಣಗಿದೆ. ಅದೇನು ನಿನ್ನ ಕಸೂತಿ ಬಟ್ಟೆನಾ, ಹಾಗ್ ಚುಚ್ತೀಯಲ್ಲ?"

ಬಿಸಿ ಬಟ್ಟೆ ಸುತ್ತಿದ ಸ್ವಲ್ಪ ಹೊತ್ತಿಗೆ ನರ ನೀಲಿಯಾಗಿ ಮೇಲೇಳುತ್ತದೆ. ಓರಗಿತ್ತಿಯ ಸೂಜಿ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ಸ್ಕ್ಯಾನ್ ಮುಗಿದಾಗ ಪರದೆಯ ಮೇಲೆ ಬಾಲ ಕಾಣುವುದೇ ಇಲ್ಲ, ಮಿದುಳಿನ ಒಂದು ಮೂಲೆ ಕೆಂಪಗೆ ಹೊಳೆಯುತ್ತದೆ.

ಡಾಕ್ಟರು ಚಿತ್ರ ನೋಡಿ ಬಹಳ ಚೆನ್ನಾಗಿ ಬಂದಿದೆ ಎನ್ನುತ್ತಾರೆ, ಮುಂದಿನ ವಾರದಿಂದ ಸೂಜಿ ಓರಗಿತ್ತಿಯದೇ ಎಂದೂ ಹೇಳುತ್ತಾರೆ. ಆಕೆ ಹಿಗ್ಗುವುದಿಲ್ಲ. "ನಂಗೆ ಬರ್ತಿರ್ಲಿಲ್ಲ ಸರ್. ಅಕ್ಕನೇ ಹೇಳ್ಕೊಟ್ರು."

ಅಕ್ಕ ಕೈ ತೊಳೆಯುವ ನೆಪದಲ್ಲಿ ಹೊರಗೆ ಬರುತ್ತಾರೆ. ನಲ್ಲಿ ಬಿಟ್ಟು ಬಹಳ ಹೊತ್ತು ತೊಳೆಯುತ್ತಾರೆ. "ಕೇಳಿದ್ರಾ? ಕುರ್ಚಿ ತಗೊಂಡ್ಲು, ಸರಿ. ಒಳ್ಳೆಯವಳು ಅನ್ನಿಸ್ಕೊಳ್ಳೋದ್ರಲ್ಲೂ ನನಗಿಂತ ಮುಂದೆ."

ಕೊನೆಗೆ, ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳುತ್ತೇವೆ, ಏನಾದರೂ ಆಸೆ ಇದೆಯೇ ಎಂದು. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ದೊಡ್ಡದೇನಿಲ್ಲ. ಒಂದ್ಸಲ, ಒಂದೇ ಒಂದ್ಸಲ, ಅವಳಿಗೂ ನನ್ನ ಕಂಡು ಹೊಟ್ಟೆ ಉರೀಬೇಕು."